ತಪ್ಪು ಮಾಡಲು ಬಿಡುವ ವಿಮಾನ

ಯುರೋಪಿನ ತೋಟಗಳಲ್ಲಿ ಗುಬ್ಬಿಗಿಂತ ತುಸು ಚಿಕ್ಕದಾದ ಹಕ್ಕಿಯೊಂದಿದೆ. ಮುಖಕ್ಕೆ ಕುಂಕುಮ ಮೆತ್ತಿದಂತೆ ಕೆಂಪು. ರೆಕ್ಕೆಯಲ್ಲಿ ಅರಿಸಿನದ ಪಟ್ಟಿ. ಜರ್ಮನರು ಅದನ್ನು ‘ಸ್ಟೀಗ್ಲಿಟ್ಸ್’ ಎಂದು ಕರೆಯುತ್ತಾರೆ. 1932ರಲ್ಲಿ ಬ್ರೆಮೆನ್ ನಗರದ ಫೋಕೆ-ವುಲ್ಫ್ ಕಾರ್ಖಾನೆ ತಾನು ತಯಾರಿಸಿದ ಎರಡು ಸೀಟಿನ ಪುಟ್ಟ ವಿಮಾನಕ್ಕೆ ಇದೇ ಹೆಸರಿಟ್ಟಿತು. ಕಾಗದಪತ್ರಗಳಲ್ಲಿ ಅದು ‘ಎಫ್‌ಡಬ್ಲ್ಯು 44’. ಹಾರಾಟ ಕಲಿಯುವವರಿಗೆಂದೇ ರೂಪಿಸಿದ ವಿಮಾನ ಅದು.

ಹೆಸರೇನೋ ಮುದ್ದಾಗಿತ್ತು. ಆದರೆ ಹಕ್ಕಿ ಸರಿಯಾಗಿ ಹಾರುತ್ತಿರಲಿಲ್ಲ.

ಮೊದಲ ಹಾರಾಟಗಳಲ್ಲೇ ಅದರ ನಡತೆ ಚೆನ್ನಾಗಿಲ್ಲವೆಂಬುದು ಗೊತ್ತಾಯಿತು. ಕಲಿಯುವವರ ಕೈಗೆ ಕೊಡುವ ವಿಮಾನವೇ ನೆಟ್ಟಗೆ ಹಾರದಿದ್ದರೆ ಹೇಗೆ? ಬೇರೆ ಕಂಪನಿಯಾಗಿದ್ದರೆ ಅದನ್ನು ಮೂಲೆಗೆ ತಳ್ಳಿ ಹೊಸ ನಕ್ಷೆ ಬರೆಯಲು ಕೂರುತ್ತಿತ್ತೇನೋ. ಫೋಕೆ-ವುಲ್ಫ್ ಹಾಗೆ ಮಾಡಲಿಲ್ಲ. ಹಾರಿಸುವುದು, ತಪ್ಪು ಹುಡುಕುವುದು, ತಿದ್ದುವುದು, ಮತ್ತೆ ಹಾರಿಸುವುದು ಎಂಬ ಬೇಸರದ ಕೆಲಸಕ್ಕೆ ಕೈ ಹಾಕಿತು. ಆ ತಿದ್ದುಪಡಿಗಳೆಲ್ಲ ಮುಗಿದಾಗ ಸ್ಟೀಗ್ಲಿಟ್ಸ್ ತನ್ನ ಕಾಲದ ಅತ್ಯುತ್ತಮ ತರಬೇತಿ ವಿಮಾನಗಳಲ್ಲಿ ಒಂದೆನಿಸಿತು. ಸಾವಿರಕ್ಕೂ ಮೀರಿ ತಯಾರಾಯಿತು. ಸ್ವೀಡನ್, ಅರ್ಜೆಂಟೀನಾ, ಬ್ರೆಜಿಲ್‌ಗಳು ಲೈಸೆನ್ಸ್ ಪಡೆದು ತಮ್ಮ ನೆಲದಲ್ಲೇ ಅದನ್ನು ಕಟ್ಟಿದವು.

ತಿದ್ದುವ ಕೆಲಸದ ಹೊಣೆ ಹೊತ್ತಿದ್ದವನು 34 ವರ್ಷದ ಎಂಜಿನಿಯರ್ ಕುರ್ಟ್ ಟ್ಯಾಂಕ್. ಕಾಲು ಶತಮಾನದ ನಂತರ ಬೆಂಗಳೂರಿಗೆ ಬಂದು ನಮ್ಮ ‘ಮಾರುತ್’ ಯುದ್ಧವಿಮಾನವನ್ನು ರೂಪಿಸಿದವನೂ ಇವನೇ. ಆ ಕತೆಗೆ ಆಮೇಲೆ ಬರೋಣ.

ಅಪ್ಪನ ಕುದುರೆ, ಮಗನ ವಿಮಾನ

ಕುರ್ಟ್ ಟ್ಯಾಂಕ್ ಹುಟ್ಟಿದ್ದು 1898ರ ಫೆಬ್ರುವರಿಯಲ್ಲಿ, ಬ್ರೊಂಬೆರ್ಗ್ ಎಂಬ ಊರಿನಲ್ಲಿ. ಆಗ ಜರ್ಮನಿಯಲ್ಲಿದ್ದ ಆ ಊರು ಈಗ ಪೋಲೆಂಡಿಗೆ ಸೇರಿದೆ. ಹೆಸರು ಬಿಡ್‌ಗೊಷ್ಚ್. ತಂದೆ ಸೈನ್ಯದಲ್ಲಿದ್ದವರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಹುಡುಗನಿಗೆ ವಿಮಾನದಳ ಸೇರುವ ಆಸೆ. ಅಪ್ಪ ಒಪ್ಪಲಿಲ್ಲ. ಸಂಪ್ರದಾಯಸ್ಥ ಸೈನಿಕನ ಮಗ ಅಶ್ವದಳಕ್ಕೇ ಸೇರಬೇಕು ಎಂದು ಪಟ್ಟು ಹಿಡಿದರು. ಮಗ ತಲೆಬಾಗಿದ. ಯುದ್ಧ ಮುಗಿಯುವ ಹೊತ್ತಿಗೆ ಶೌರ್ಯಪದಕಗಳನ್ನು ಗಳಿಸಿದ್ದ. ಆದರೆ ಆಕಾಶದ ಆಸೆ ಬತ್ತಿರಲಿಲ್ಲ. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ 1923ರಲ್ಲಿ ಎಂಜಿನಿಯರ್ ಆದ. ವಿದ್ಯಾರ್ಥಿಯಾಗಿದ್ದಾಗಲೇ ಗೆಳೆಯರೊಂದಿಗೆ ಹಾರಾಟದ ಸಂಘ ಕಟ್ಟಿದ. ತಾನೂ ಹಾರಲು ಕಲಿತ.

ಆ ದಿನಗಳ ಜರ್ಮನಿಯನ್ನು ತುಸು ನೆನಪಿಸಿಕೊಳ್ಳಬೇಕು. ಸೋತ ದೇಶಕ್ಕೆ 1919ರ ವರ್ಸೇಲ್ಸ್ ಒಪ್ಪಂದ ವಾಯುಪಡೆಯನ್ನೇ ನಿಷೇಧಿಸಿತ್ತು. ಕೆಲಕಾಲ ಎಂಜಿನ್ ಇರುವ ವಿಮಾನ ತಯಾರಿಸುವಂತೆಯೇ ಇರಲಿಲ್ಲ. ಆಮೇಲೂ 1926ರವರೆಗೆ ಹಲವು ಕಟ್ಟುಪಾಡುಗಳಿದ್ದವು. ಹೀಗಾಗಿ ಕಾಲೇಜು ಹುಡುಗರು ಗುಡ್ಡದ ನೆತ್ತಿಗೆ ಹೋಗಿ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸತೊಡಗಿದರು. ಎಂಜಿನ್ ಇಲ್ಲದವನಿಗೆ ಗಾಳಿಯೇ ಗುರು. ರೆಕ್ಕೆಯ ಆಕಾರದಲ್ಲಿ, ತೂಕದಲ್ಲಿ ಎಳ್ಳಷ್ಟು ತಪ್ಪಿದರೂ ಅದು ಕೂಡಲೇ ತೋರಿಸಿಕೊಡುತ್ತದೆ. ಮುಂದೆ ಹೆಸರು ಮಾಡಿದ ಜರ್ಮನ್ ವಿಮಾನ ಎಂಜಿನಿಯರುಗಳಲ್ಲಿ ಬಹಳ ಮಂದಿ ಈ ಬಡತನದ ಶಾಲೆಯಲ್ಲಿ ಕಲಿತವರು.

ಟ್ಯಾಂಕ್ ರೋರ್‌ಬಾಖ್ ಕಂಪನಿಯಲ್ಲಿ ನೀರಿನ ಮೇಲಿಳಿಯುವ ದೊಡ್ಡ ವಿಮಾನಗಳ ಕೆಲಸ ಮಾಡಿದ. ಬಳಿಕ ದಕ್ಷಿಣದ ಆಗ್ಸ್‌ಬರ್ಗ್‌ನಲ್ಲಿದ್ದ ಬವೇರಿಯಾದ ವಿಮಾನ ಕಂಪನಿಗೆ, ಅಲ್ಲಿಂದ ಆಲ್ಬಟ್ರೋಸ್ ಕಂಪನಿಗೆ ಹೋದ. ದಿವಾಳಿಯೆದ್ದಿದ್ದ ಆಲ್ಬಟ್ರೋಸನ್ನು 1931ರಲ್ಲಿ ಸರಕಾರದ ಒತ್ತಾಯದಿಂದ ಫೋಕೆ-ವುಲ್ಫ್ ಜತೆ ವಿಲೀನ ಮಾಡಿದರು. ಟ್ಯಾಂಕ್ ಬ್ರೆಮೆನ್ನಿಗೆ ಬಂದದ್ದು ಹೀಗೆ. ಬಂದವನು ತಾಂತ್ರಿಕ ವಿಭಾಗದ ಮುಖ್ಯಸ್ಥನಾದ.

ಬ್ರೆಮೆನ್ನಿನ ಆ ಕಾರ್ಖಾನೆಗೆ ತಪ್ಪಿನ ಬೆಲೆ ಏನೆಂಬುದು ಚೆನ್ನಾಗಿ ಗೊತ್ತಿತ್ತು. ಕಂಪನಿಯ ಸ್ಥಾಪಕರಲ್ಲಿ ಇಬ್ಬರು ಗೆಳೆಯರಿದ್ದರು: ಹೆನ್ರಿಕ್ ಫೋಕೆ ಮತ್ತು ಗಿಯೋರ್ಗ್ ವುಲ್ಫ್. ಬಾಲವನ್ನು ಮುಂದಿಟ್ಟುಕೊಂಡಂತೆ ಕಾಣುವ ‘ಬಾತುಕೋಳಿ’ ಎಂಬ ವಿಚಿತ್ರ ವಿಮಾನವೊಂದನ್ನು ಅವರು 1927ರಲ್ಲಿ ಕಟ್ಟಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದನ್ನು ಹಾರಿಸುತ್ತಿದ್ದ ವುಲ್ಫ್ ನೆಲಕ್ಕಪ್ಪಳಿಸಿ ತೀರಿಕೊಂಡ. ಕಂಪನಿಯ ಹೆಸರಿನ ಅರ್ಧ ಭಾಗ ಅಂದಿನಿಂದ ಸತ್ತವನೊಬ್ಬನ ನೆನಪು.

ಎರಡನೆಯ ಸೀಟು ಏಕೆ?

ಪ್ರಯಾಣಿಕರ ವಿಮಾನ ಆರಾಮವಾಗಿರಬೇಕು, ಯುದ್ಧವಿಮಾನ ವೇಗವಾಗಿರಬೇಕು. ತರಬೇತಿ ವಿಮಾನ ಹೇಗಿರಬೇಕು? ಸುಲಭವಾಗಿರಬೇಕು ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆ ಉತ್ತರ ಅರ್ಧ ಮಾತ್ರ ಸರಿ.

ಬೈಕಿನ ಹಿಂದೆ ಕುಳಿತು ಗಾಳಿಗೆ ಅಂಗೈ ಚಾಚಿದವರಿಗೆ ರೆಕ್ಕೆಯ ಗುಟ್ಟು ಅರ್ಧ ಗೊತ್ತಿರುತ್ತದೆ. ಅಂಗೈಯ ಮುಂದಿನ ಅಂಚನ್ನು ತುಸು ಮೇಲೆತ್ತಿದರೆ ಕೈ ತಾನಾಗಿ ಮೇಲಕ್ಕೇಳುತ್ತದೆ. ಇನ್ನಷ್ಟು ಎತ್ತಿದರೆ ಇನ್ನಷ್ಟು ಬಲ. ಆದರೆ ಇದಕ್ಕೊಂದು ಮಿತಿ ಇದೆ. ಓರೆ ತೀರಾ ಹೆಚ್ಚಾದರೆ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಸುಳಿಸುಳಿಯಾಗುತ್ತದೆ. ಮೇಲೆತ್ತುವ ಬಲ ಕುಸಿಯುತ್ತದೆ. ಇದಕ್ಕೆ ‘ಸ್ಟಾಲ್’ ಎನ್ನುತ್ತಾರೆ. ಎಂಜಿನ್ ನಿಂತಿತು ಎಂದು ಅರ್ಥವಲ್ಲ. ರೆಕ್ಕೆ ಕೆಲಸ ನಿಲ್ಲಿಸಿತು ಎಂದರ್ಥ. ಒಂದು ಪಕ್ಕದ ರೆಕ್ಕೆ ಇನ್ನೊಂದಕ್ಕಿಂತ ಮೊದಲು ಸೋತರೆ ವಿಮಾನ ಆ ಕಡೆಗೆ ವಾಲಿ ಬುಗುರಿಯಂತೆ ಗಿರಕಿ ಹೊಡೆಯುತ್ತ ಇಳಿಯತೊಡಗುತ್ತದೆ. ಇದು ‘ಸ್ಪಿನ್’.

ಸ್ಪಿನ್ನಿನಿಂದ ಪಾರಾಗುವ ಉಪಾಯ ನಮ್ಮ ಸಹಜ ಬುದ್ಧಿಗೆ ವಿರುದ್ಧವಾದದ್ದು. ನೆಲ ಮೇಲೇರಿ ಬರುವಂತೆ ಕಾಣುವಾಗ ಯಾರಿಗೇ ಆದರೂ ಹಿಡಿಕೋಲನ್ನು ಎದೆಗೆಳೆದುಕೊಂಡು ವಿಮಾನದ ಮೂತಿ ಎತ್ತಬೇಕೆನ್ನಿಸುತ್ತದೆ. ಹಾಗೆ ಮಾಡಿದರೆ ರೆಕ್ಕೆಯ ಓರೆ ಇನ್ನೂ ಹೆಚ್ಚಿ ಗಿರಕಿ ಬಲವಾಗುತ್ತದೆ. ಎಂಜಿನಿನ ಜೋರು ಇಳಿಸಿ, ಗಿರಕಿಯ ದಿಕ್ಕಿಗೆ ವಿರುದ್ಧವಾಗಿ ಕಾಲಿನ ಪೆಡಲ್ ಒತ್ತಿ, ಹಿಡಿಕೋಲನ್ನು ಮುಂದಕ್ಕೆ ತಳ್ಳಬೇಕು. ಅಂದರೆ ಹೆದರಿಸುತ್ತಿರುವ ನೆಲದ ಕಡೆಗೇ ಮೂತಿ ಮಾಡಬೇಕು. ಗಾಳಿ ಮತ್ತೆ ರೆಕ್ಕೆಗೆ ಅಂಟಿಕೊಂಡ ಮೇಲಷ್ಟೇ ಮೆಲ್ಲಗೆ ಮೇಲೇಳಬೇಕು.

ಪುಸ್ತಕ ಓದಿ ಇದನ್ನು ಕಲಿಯಲಾಗದು. ಎತ್ತರದಲ್ಲಿ, ಸಾಕಷ್ಟು ಸಮಯ ಇಟ್ಟುಕೊಂಡು, ಪಕ್ಕದಲ್ಲೋ ಮುಂದೋ ಹಿಂದೋ ಗುರು ಕುಳಿತಿರುವಾಗ ಬೇಕೆಂದೇ ತಪ್ಪು ಮಾಡಿ ಕಲಿಯಬೇಕು. ಎರಡನೆಯ ಸೀಟು ಇರುವುದು ಇದಕ್ಕೆ. ಎರಡೂ ಸೀಟಿನ ಮುಂದೆ ಒಂದೇ ಬಗೆಯ ಹಿಡಿಕೋಲು, ಒಂದೇ ಬಗೆಯ ಪೆಡಲು. ಒಂದನ್ನು ಅಲುಗಿಸಿದರೆ ಇನ್ನೊಂದೂ ಅಲುಗುತ್ತದೆ. ಶಿಷ್ಯನ ಕೈ ನಡುಗಿದ್ದು ಗುರುವಿನ ಕೈಗೆ ತಿಳಿಯುತ್ತದೆ. ಗುರು ಮೆಲ್ಲಗೆ ತಿದ್ದಿದ್ದು ಶಿಷ್ಯನ ಕೈಗೆ ತಿಳಿಯುತ್ತದೆ.

ಈಗ ತರಬೇತಿ ವಿಮಾನದ ಗುಣ ಏನೆಂದು ಹೇಳಬಹುದು. ಅದು ತಪ್ಪನ್ನು ಸಹಿಸಬೇಕು, ಆದರೆ ಮುಚ್ಚಿಡಬಾರದು. ಸ್ಟಾಲ್ ಹತ್ತಿರ ಬಂದಾಗ ಮೈ ನಡುಗಿಸಿ ಎಚ್ಚರಿಸಬೇಕು. ಸ್ಪಿನ್ನಿಗೆ ಬಿದ್ದರೂ ಸರಿಯಾದ ಕ್ರಮ ಕೈಗೊಂಡ ಕೂಡಲೇ ಹೊರಬರಬೇಕು. ಒಂದು ಸಣ್ಣ ತಪ್ಪಿಗೇ ಪ್ರಾಣ ತೆಗೆಯುವ ವಿಮಾನದಿಂದ ಯಾರೂ ಏನೂ ಕಲಿಯುವುದಿಲ್ಲ. ಏನು ಮಾಡಿದರೂ ತಾನೇ ಸರಿಪಡಿಸಿಕೊಂಡು ಹಾರುವ ವಿಮಾನದಿಂದಲೂ ಕಲಿಯುವುದು ಕಡಿಮೆ. ತನ್ನ ಕೈ ಕುಶಲವಾಗಿದೆ ಎಂದು ಶಿಷ್ಯ ಭ್ರಮಿಸುತ್ತಾನೆ; ಬೇರೆ ವಿಮಾನ ಹತ್ತಿದ ದಿನ ಗುಟ್ಟು ರಟ್ಟಾಗುತ್ತದೆ. ಮಕ್ಕಳ ಹೋಂವರ್ಕನ್ನು ತಾವೇ ಬರೆದುಕೊಡುವ ತಂದೆತಾಯಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಿದ್ದುವ ವಿದ್ಯೆ

ಸ್ಟೀಗ್ಲಿಟ್ಸನ್ನು ಮೊದಲು ಹಾರಿಸಿದವನು ಗೆರ್ಡ್ ಅಖ್‌ಗೆಲಿಸ್. ಆಕಾಶದಲ್ಲಿ ಕಸರತ್ತು ಮಾಡುವುದರಲ್ಲಿ ಜರ್ಮನಿಯಲ್ಲೇ ಹೆಸರಾಂತ ಪೈಲಟ್. ಮೊದಲ ವಿಮಾನದ ನಡತೆ ಸರಿಯಿಲ್ಲ ಎಂದಾದಾಗ ಟ್ಯಾಂಕ್ ಅದನ್ನು ಸುದೀರ್ಘ ಪರೀಕ್ಷೆಗೆ ಒಳಪಡಿಸಿದ. ರೆಕ್ಕೆ, ಬಾಲ, ದೇಹಗಳ ಗಟ್ಟಿತನ, ಗಾಳಿಯಲ್ಲಿ ಅವುಗಳ ವರ್ತನೆ ಎರಡನ್ನೂ ಸುಧಾರಿಸುತ್ತ ಹೋದ.

ಹಾರಾಟದ ಪರೀಕ್ಷೆ ಎಂಬುದು ವೈದ್ಯರ ತಪಾಸಣೆಯಂಥ ಕೆಲಸ. ‘ಹೇಗೋ ಆಗುತ್ತಿದೆ’ ಎಂದು ರೋಗಿ ಹೇಳಿದರೆ ಸಾಲದು. ಎಲ್ಲಿ ನೋವು, ಯಾವಾಗ, ಎಷ್ಟು ಹೊತ್ತು ಎಂದು ಕೇಳಬೇಕು. ವಿಮಾನ ಬಲಕ್ಕೆ ವಾಲುತ್ತಿದೆಯೆ? ಯಾವ ವೇಗದಲ್ಲಿ? ಎಂಜಿನ್ ಜೋರಾಗಿರುವಾಗಲೋ ಮೆತ್ತಗಿರುವಾಗಲೋ? ಮುಂದಿನ ಸೀಟು ಖಾಲಿ ಇದ್ದಾಗ ಮಾತ್ರವೋ, ಇಬ್ಬರೂ ಇದ್ದಾಗಲೋ? ಉತ್ತರ ಸಿಕ್ಕ ಮೇಲೆ ಒಂದೇ ಒಂದು ಭಾಗವನ್ನು ಬದಲಿಸಿ ಮತ್ತೆ ಹಾರಬೇಕು. ಒಟ್ಟಿಗೆ ಎರಡನ್ನು ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ಮೇಷ್ಟ್ರು ಹೇಳಿಕೊಡುವ ನಿಯಮವೂ ಇದೇ ಅಲ್ಲವೆ?

ಈ ಕೆಲಸದಲ್ಲಿ ಟ್ಯಾಂಕನಿಗೊಂದು ಅನುಕೂಲವಿತ್ತು. ಅವನು ಎಂಜಿನಿಯರೂ ಹೌದು, ಪೈಲಟೂ ಹೌದು. ಸಾಮಾನ್ಯವಾಗಿ ಹಾರಿಸುವವನಿಗೆ ಲೆಕ್ಕ ಬರುವುದಿಲ್ಲ, ಲೆಕ್ಕ ಹಾಕುವವನು ಹಾರಿಸುವುದಿಲ್ಲ. ಒಬ್ಬನ ಮಾತು ಇನ್ನೊಬ್ಬನಿಗೆ ಅರ್ಥವಾಗುವಷ್ಟರಲ್ಲಿ ಅರ್ಧ ಸೋರಿಹೋಗಿರುತ್ತದೆ. ಟ್ಯಾಂಕ್ ತಾನು ಬರೆದ ನಕ್ಷೆಯ ತಪ್ಪನ್ನು ತನ್ನ ಅಂಗೈಯಲ್ಲೇ ಅನುಭವಿಸಬಲ್ಲವನಾಗಿದ್ದ. ಮುಂದೆ ದೊಡ್ಡ ದೊಡ್ಡ ವಿಮಾನಗಳ ಕರ್ತೃವಾದ ಮೇಲೂ ತನ್ನ ವಿಮಾನಗಳನ್ನು ತಾನೇ ಹಾರಿಸಿ ನೋಡುವ ಅಭ್ಯಾಸವನ್ನು ಬಿಡಲಿಲ್ಲ.

ಬಟ್ಟೆ, ಮರ, ಕೊಳವೆ

ತಿದ್ದಿ ಮುಗಿದ ಸ್ಟೀಗ್ಲಿಟ್ಸ್ ಹೇಗಿತ್ತು? ಒಂದರ ಮೇಲೊಂದು ಎರಡು ಜೊತೆ ರೆಕ್ಕೆ. ಮರದ ಚೌಕಟ್ಟಿನ ಮೇಲೆ ಬಟ್ಟೆ ಮತ್ತು ತೆಳು ಪ್ಲೈವುಡ್ ಹೊದಿಕೆ. ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ದೇಹ, ಅದರ ಮೇಲೂ ಬಹುಪಾಲು ಬಟ್ಟೆಯೇ. ಒಂದರ ಹಿಂದೊಂದು ಎರಡು ತೆರೆದ ಸೀಟು. ಮೂತಿಯಲ್ಲಿ ನಕ್ಷತ್ರದಂತೆ ಸುತ್ತಲೂ ಏಳು ಸಿಲಿಂಡರುಗಳಿರುವ ಸೀಮೆನ್ಸ್ ಎಂಜಿನ್. ಸುಮಾರು 150 ಅಶ್ವಶಕ್ತಿ. ಕೆಲವು ಮಾದರಿಗಳಲ್ಲಿ ಆರ್ಗುಸ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು. ಗರಿಷ್ಠ ವೇಗ ಗಂಟೆಗೆ ಸುಮಾರು 185 ಕಿಲೋಮೀಟರ್. ಇಂದಿನ ಒಳ್ಳೆಯ ಕಾರು ಇದನ್ನು ಹಿಂದೆ ಹಾಕೀತು.

ಎರಡು ಜೊತೆ ರೆಕ್ಕೆ ಏಕೆಂಬುದಕ್ಕೆ ಪುಟ್ಟ ಲೆಕ್ಕವೊಂದಿದೆ. ರೆಕ್ಕೆಯ ತುದಿಯಿಂದ ತುದಿಗೆ ಕೇವಲ 9 ಮೀಟರ್. ಆದರೆ ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ವಿಸ್ತೀರ್ಣ ಕೂಡಿದರೆ 20 ಚದರ ಮೀಟರ್. ಇಬ್ಬರನ್ನೂ ಇಂಧನವನ್ನೂ ಹೊತ್ತ ವಿಮಾನದ ತೂಕ ಸುಮಾರು 900 ಕಿಲೋ. ಅಂದರೆ ಪ್ರತಿ ಚದರ ಮೀಟರ್ ರೆಕ್ಕೆ ಹೊರಬೇಕಾದದ್ದು ಬರೀ 45 ಕಿಲೋ. ಹೊರೆ ಕಡಿಮೆ ಇದ್ದಷ್ಟೂ ನಿಧಾನವಾಗಿ ಹಾರಬಹುದು, ನಿಧಾನವಾಗಿ ಇಳಿಯಬಹುದು. ಕಲಿಯುವವನಿಗೆ ಯೋಚಿಸಲು ಸಮಯ ಸಿಗುತ್ತದೆ. ಜತೆಗೆ ಎರಡು ರೆಕ್ಕೆಗಳನ್ನು ಕಂಬ ತಂತಿಗಳಿಂದ ಬಿಗಿದಾಗ ಅದು ಸೇತುವೆಯ ಕಮಾನಿನಂತೆ ಗಟ್ಟಿ. ಪಲ್ಟಿ ಹೊಡೆದರೂ ಮಗುಚಿ ಹಾರಿದರೂ ಮುರಿಯದು. ಹೀಗಾಗಿ ಬೆಳಿಗ್ಗೆ ಹೊಸಬರಿಗೆ ಅಕ್ಷರಾಭ್ಯಾಸ ಮಾಡಿಸಿದ ವಿಮಾನವೇ ಸಂಜೆ ನುರಿತವರ ಕೈಯಲ್ಲಿ ಆಕಾಶದ ಸರ್ಕಸ್ ತೋರಿಸುತ್ತಿತ್ತು. ಅಖ್‌ಗೆಲಿಸ್ ಅಲ್ಲದೆ ಎರ್ನ್‌ಸ್ಟ್ ಉಡೆಟ್‌ನಂಥ ಪ್ರಸಿದ್ಧರೂ ಸ್ಟೀಗ್ಲಿಟ್ಸಿನಲ್ಲಿ ಕಸರತ್ತು ಮಾಡಿದರು.

ರೆಕ್ಕೆ ಕಳಚಿದ ಹಕ್ಕಿ

ಈ ವಿಮಾನಕ್ಕೆ ಯಾರೂ ಎಣಿಸದ ಇನ್ನೊಂದು ಜನ್ಮವೂ ಬಂತು. ಕಂಪನಿಯ ಸ್ಥಾಪಕ ಹೆನ್ರಿಕ್ ಫೋಕೆಗೆ ಆಡಳಿತದವರೊಂದಿಗೆ ಹೊಂದಿಕೆಯಾಗದೆ ತನ್ನ ಹೆಸರಿನ ಕಾರ್ಖಾನೆಯಿಂದಲೇ ದೂರ ಸರಿಯಬೇಕಾಯಿತು. ಗೆಳೆಯನನ್ನು ವಿಮಾನ ಅಪಘಾತದಲ್ಲಿ ಕಳೆದುಕೊಂಡಿದ್ದ ಆತನ ತಲೆಯಲ್ಲಿ ನೇರವಾಗಿ ಮೇಲೇಳುವ, ನೇರವಾಗಿ ಇಳಿಯುವ ಯಂತ್ರದ ಕನಸಿತ್ತು. ಹೆಲಿಕಾಪ್ಟರ್ ಮಾಡಲು ಹಲವರು ಪ್ರಯತ್ನಿಸಿದ್ದರು. ಕೆಲವು ನೆಲ ಬಿಟ್ಟು ಎದ್ದಿದ್ದವು. ಆದರೆ ಹೇಳಿದ ಮಾತು ಕೇಳುವ ಹೆಲಿಕಾಪ್ಟರ್ ಇನ್ನೂ ಬಂದಿರಲಿಲ್ಲ.

ಫೋಕೆ ಎಲ್ಲವನ್ನೂ ಹೊಸದಾಗಿ ಮಾಡಲು ಹೋಗಲಿಲ್ಲ. ನಂಬಿಕಸ್ಥ ಸ್ಟೀಗ್ಲಿಟ್ಸಿನ ದೇಹವನ್ನು ತೆಗೆದುಕೊಂಡ. ರೆಕ್ಕೆಗಳನ್ನು ಕಳಚಿದ. ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಕೊಳವೆಗಳ ತೋಳು ಜೋಡಿಸಿ ಅವುಗಳ ತುದಿಯಲ್ಲಿ ತಿರುಗುವ ರೆಕ್ಕೆಗಳನ್ನಿಟ್ಟ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಒಂದರ ತಿರುಚು ಬಲವನ್ನು ಇನ್ನೊಂದು ರದ್ದು ಮಾಡುತ್ತಿತ್ತು. ಎಂಜಿನ್ ಮಾತ್ರ ಎಂದಿನಂತೆ ಮೂತಿಯಲ್ಲೇ. ಅದರ ಮುಂದೆ ಮೊಟಕು ಪ್ರೊಪೆಲ್ಲರ್ ಒಂದಿತ್ತು. ಅದು ವಿಮಾನವನ್ನು ಎಳೆಯಲಿಕ್ಕಲ್ಲ, ಎಂಜಿನ್ನಿಗೆ ಗಾಳಿ ಬೀಸಿ ತಣ್ಣಗಿಡಲಿಕ್ಕೆ.

1936ರ ಜೂನ್ 26ರಂದು ಎವಾಲ್ಡ್ ರೋಲ್ಫ್ಸ್ ಈ ‘ಎಫ್‌ಡಬ್ಲ್ಯು 61’ ಹೆಲಿಕಾಪ್ಟರನ್ನು ಮೊದಲ ಬಾರಿಗೆ ಮುಕ್ತವಾಗಿ ಹಾರಿಸಿದ. ಮರುವರ್ಷ ಅದು 2,400 ಮೀಟರಿಗೂ ಮೀರಿದ ಎತ್ತರ ಮುಟ್ಟಿತು, ಒಂದು ಗಂಟೆ 20 ನಿಮಿಷ ಆಕಾಶದಲ್ಲಿ ನಿಂತಿತು. 1938ರ ಫೆಬ್ರುವರಿಯಲ್ಲಿ ಹನ್ನಾ ರೈಟ್ಷ್ ಎಂಬ ಮಹಿಳಾ ಪೈಲಟ್ ಬರ್ಲಿನ್ನಿನ ಡಾಯ್ಚ್‌ಲ್ಯಾಂಡ್‌ಹಾಲೆ ಎಂಬ ಮುಚ್ಚಿದ ಸಭಾಂಗಣದೊಳಗೆ, ಪ್ರೇಕ್ಷಕರ ಕಣ್ಣೆದುರೇ ಅದನ್ನು ಹಾರಿಸಿ ತೋರಿಸಿದರು. ಪೂರ್ತಿ ಹತೋಟಿಗೆ ಸಿಕ್ಕ, ನಿಜಕ್ಕೂ ಉಪಯೋಗಕ್ಕೆ ಬರುವ ಮೊದಲ ಹೆಲಿಕಾಪ್ಟರ್ ಎಂದು ಹಲವು ಇತಿಹಾಸಕಾರರು ಗುರುತಿಸುವುದು ಇದನ್ನೇ. ನಾಲ್ಕು ವರ್ಷ ಹಿಂದೆ ಸರಿಯಾಗಿ ಹಾರಲಾಗದೆ ಪೆಚ್ಚಾಗಿದ್ದ ವಿಮಾನದ ಮೈ ಅದರೊಳಗಿತ್ತು.

ಕಲಿಸಿದ್ದು ಯಾವುದಕ್ಕೆ?

ಇಲ್ಲಿಗೆ ಕತೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಿದರೆ ಅದು ಅರ್ಧ ಸತ್ಯ.

ಸ್ಟೀಗ್ಲಿಟ್ಸ್ ತಿದ್ದಿಕೊಂಡು ತಯಾರಾದ ಹೊತ್ತಿಗೆ, 1933ರ ಜನವರಿಯಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ. ಊರೂರಿನ ಹಾರಾಟದ ಸಂಘಗಳು ಸರಕಾರದ ಹಿಡಿತಕ್ಕೆ ಹೋದವು. ಕ್ರೀಡೆಯ ಹೆಸರಿನಲ್ಲಿ ಪೈಲಟ್‌ಗಳ ತಯಾರಿ ನಡೆಯಿತು. 1935ರ ಮಾರ್ಚಿನಲ್ಲಿ ಜರ್ಮನಿ ತನ್ನ ವಾಯುಪಡೆಯನ್ನು ಜಗತ್ತಿಗೆ ಬಹಿರಂಗವಾಗಿ ಸಾರಿದಾಗ ಹಾರಲು ಕಲಿತ ಹುಡುಗರು ಆಗಲೇ ಸಿದ್ಧರಿದ್ದರು. ಅವರಲ್ಲಿ ಎಷ್ಟೋ ಮಂದಿ ಸ್ಟೀಗ್ಲಿಟ್ಸಿನ ಸೀಟಿನಲ್ಲಿ ಕುಳಿತು ಕಲಿತವರು. ತಪ್ಪು ಮಾಡಿದರೆ ಮನ್ನಿಸುತ್ತಿದ್ದ ವಿಮಾನದಿಂದ ಇಳಿದು, ಯಾವ ತಪ್ಪನ್ನೂ ಮನ್ನಿಸದ ಯುದ್ಧಕ್ಕೆ ಅವರು ಹೋದರು. ಅವರು ಬೇರೆ ದೇಶಗಳ ನಗರಗಳ ಮೇಲೆ ಬಾಂಬು ಸುರಿದರು. ಅವರಲ್ಲೂ ಬಹಳ ಮಂದಿ ಮರಳಲಿಲ್ಲ.

ಟ್ಯಾಂಕ್ ಕೂಡ ಇದೇ ಹಾದಿಯಲ್ಲಿ ನಡೆದ. ಅವನ ‘ಎಫ್‌ಡಬ್ಲ್ಯು 190’ ಯುದ್ಧವಿಮಾನ 1939ರ ಜೂನ್‌ನಲ್ಲಿ ಮೊದಲು ಹಾರಿತು. ಮುಂದೆ ಸಾವಿರಗಟ್ಟಲೆ ತಯಾರಾಯಿತು. ಅದನ್ನು ಅವನು ಪಂದ್ಯದ ಕುದುರೆಗಲ್ಲ, ಅಶ್ವದಳದ ಗಟ್ಟಿ ಕುದುರೆಗೆ ಹೋಲಿಸುತ್ತಿದ್ದ. ಅಪ್ಪನ ಬಲವಂತದಿಂದ ಹತ್ತಿದ ಕುದುರೆ ಕೊನೆಗೂ ಮಗನ ನಕ್ಷೆಯೊಳಗೆ ಬಂದಿತ್ತು. ಆದರೆ ಯುದ್ಧಕಾಲದಲ್ಲಿ ಫೋಕೆ-ವುಲ್ಫ್ ಕಾರ್ಖಾನೆಗಳು ಆಕ್ರಮಿತ ದೇಶಗಳಿಂದ ಬಲವಂತವಾಗಿ ಹಿಡಿದು ತಂದವರನ್ನು ದುಡಿಸಿಕೊಂಡವು ಎಂಬುದೂ ಅದೇ ಚರಿತ್ರೆಯ ಭಾಗ. ಕೈಯ ಕುಶಲತೆಯನ್ನು ಯಂತ್ರ ಕಲಿಸಬಲ್ಲದು. ಆ ಕುಶಲತೆ ಯಾರ ಸೇವೆಗೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲು ಕಲಿಸುವುದು ಮನೆಯವರ, ಮೇಷ್ಟರ ಕೆಲಸ. ಅಲ್ಲಿ ಇಡೀ ದೇಶವೇ ಆ ಪಾಠದಲ್ಲಿ ಫೇಲಾಯಿತು.

ಕೊರ್ಡೊಬಾದಿಂದ ಬೆಂಗಳೂರಿಗೆ

1945ರಲ್ಲಿ ಜರ್ಮನಿ ಮತ್ತೆ ಸೋತಿತು. ವಿಮಾನ ಕಟ್ಟುವುದಕ್ಕೆ ಮತ್ತೆ ನಿಷೇಧ. ಟ್ಯಾಂಕ್ 1947ರಲ್ಲಿ ‘ಪೆದ್ರೊ ಮಥೀಸ್’ ಎಂಬ ಹೆಸರಿನಲ್ಲಿ ಅರ್ಜೆಂಟೀನಾ ಸೇರಿದ. ಅಲ್ಲಿ ಅವನು ಕೆಲಸ ಮಾಡಿದ್ದು ಕೊರ್ಡೊಬಾ ನಗರದ ವಿಮಾನ ಕಾರ್ಖಾನೆಯಲ್ಲಿ. ಅವನ ಸ್ಟೀಗ್ಲಿಟ್ಸ್ ಯುದ್ಧಕ್ಕೆ ಮುಂಚೆಯೇ ಅದೇ ಊರಿಗೆ ಬಂದಿತ್ತು. ಅಲ್ಲಿ ಲೈಸೆನ್ಸ್ ಮೇಲೆ ಸುಮಾರು 190 ಸ್ಟೀಗ್ಲಿಟ್ಸ್ ತಯಾರಾಗಿದ್ದವು. ಟ್ಯಾಂಕ್ ತಂಡ ಅಲ್ಲಿ ‘ಪುಲ್ಕಿ 2’ ಎಂಬ ಜೆಟ್ ಯುದ್ಧವಿಮಾನ ರೂಪಿಸಿತು. 1950ರಲ್ಲಿ ಅದು ಹಾರಿತು. 1955ರಲ್ಲಿ ಅಧ್ಯಕ್ಷ ಪೆರೋನ್ ಪದಚ್ಯುತನಾದ ಮೇಲೆ ತಂಡ ಚದುರಿತು. 1956ರಲ್ಲಿ ಟ್ಯಾಂಕ್ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದ.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರಕಾರ ಸೇರಿ 1940ರಲ್ಲಿ ಆರಂಭಿಸಿದ್ದ ಕಾರ್ಖಾನೆ ಅದು. ಟ್ಯಾಂಕ್ ಬರುವ ಮೊದಲೇ ಅಲ್ಲಿಯವರು ಸ್ವಂತ ವಿಮಾನವೊಂದನ್ನು ಹಾರಿಸಿದ್ದರು. ಅದೂ ಎರಡು ಸೀಟಿನ ತರಬೇತಿ ವಿಮಾನವೇ. ಹೆಸರು ಎಚ್‌ಟಿ-2. ಅದರ ವಿನ್ಯಾಸದ ನೇತೃತ್ವ ವಹಿಸಿದ್ದವರು ವಿ. ಎಂ. ಘಾಟಗೆ. ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಎಂಬ ಮಹಾಗುರುವಿನ ಬಳಿ ಗಾಳಿಯ ಹರಿವಿನ ಶಾಸ್ತ್ರ ಕಲಿತು ಬಂದವರು. 1951ರ ಆಗಸ್ಟ್ 5ರಂದು ಮೊದಲು ಹಾರಿದ ಎಚ್‌ಟಿ-2 ದಶಕಗಳ ಕಾಲ ನಮ್ಮ ಪೈಲಟ್‌ಗಳಿಗೆ ಅಕ್ಷರಾಭ್ಯಾಸ ಮಾಡಿಸಿತು. ವಿಮಾನ ಕಟ್ಟಲು ಕಲಿಯುವ ದೇಶವೂ ಮೊದಲು ಕಲಿಸುವ ವಿಮಾನದಿಂದಲೇ ಶುರುಮಾಡಿದ್ದು ಕಾಕತಾಳೀಯವಲ್ಲ. ನಿಧಾನವಾಗಿ ಹಾರುವ ವಿಮಾನ ಅದನ್ನು ಕಟ್ಟುವವರ ತಪ್ಪನ್ನೂ ಸಹಿಸುತ್ತದೆ.

ಮಾರುತ್ ಅಂಥದ್ದಲ್ಲ. ಲೆಕ್ಕವನ್ನೇ ನೋಡಿ. ಅದರ ರೆಕ್ಕೆಯ ವಿಸ್ತೀರ್ಣ 28 ಚದರ ಮೀಟರ್, ಸ್ಟೀಗ್ಲಿಟ್ಸಿಗಿಂತ ಎಂಟೇ ಹೆಚ್ಚು. ತುಂಬಿದ ತೂಕ ಮಾತ್ರ ಸುಮಾರು 10,900 ಕಿಲೋ, ಅಂದರೆ 12 ಪಟ್ಟು. ಪ್ರತಿ ಚದರ ಮೀಟರ್ ರೆಕ್ಕೆಗೆ 390 ಕಿಲೋದಷ್ಟು ಹೊರೆ. ಅಂಥ ವಿಮಾನವನ್ನು ನೇರವಾಗಿ ಹಾರಿಸುವ ಧೈರ್ಯವನ್ನು ಟ್ಯಾಂಕ್ ಮತ್ತು ಘಾಟಗೆ ತಂಡ ಮಾಡಲಿಲ್ಲ. ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಮಾಡಿದರು. 1959ರಲ್ಲಿ ಡಕೋಟ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದೊಯ್ದು ಬಿಡುತ್ತಿತ್ತು. ತಪ್ಪುಗಳನ್ನು ಮರದಲ್ಲೇ ಹುಡುಕಿ ತಿದ್ದಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮಾರುತ್‌ನ ಮೊದಲ ಹಾರಾಟವನ್ನು ಬೆಂಗಳೂರಿನ ಆಕಾಶದಲ್ಲಿ ನಡೆಸಿದರು. ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಯುರೋಪಿನ ದೇಶಗಳ ಕೈಯಲ್ಲಿದ್ದ ವಿದ್ಯೆಗೆ ಭಾರತ ಕೈಚಾಚಿದ ದಿನ ಅದು.

ಆದರೆ ಎಲ್ಲ ತಪ್ಪನ್ನೂ ತಿದ್ದಲು ಆಗಲಿಲ್ಲ. ಶಬ್ದದ ಎರಡು ಪಟ್ಟು ವೇಗ ಗುರಿಯಾಗಿತ್ತು. ಅದಕ್ಕೆ ಬೇಕಿದ್ದ ಹೆಚ್ಚು ಬಲದ ಎಂಜಿನ್ ಕೊನೆಗೂ ಸಿಗಲಿಲ್ಲ. ಬ್ರಿಟನ್ನಿನ ಆರ್ಫಿಯಸ್ ಎಂಜಿನಿನ ಸುಧಾರಿತ ರೂಪ ಪೂರ್ಣಗೊಳ್ಳಲಿಲ್ಲ. ಇದ್ದ ಕಡಿಮೆ ಬಲದ ಎಂಜಿನ್ನಿನಲ್ಲೇ ಮಾರುತ್ ಹಾರಬೇಕಾಯಿತು. ಟ್ಯಾಂಕ್ 1967ರಲ್ಲಿ ಭಾರತ ಬಿಟ್ಟ. 1970ರ ಜನವರಿಯಲ್ಲಿ ಸುರಂಜನ್ ದಾಸ್ ಮಾರುತ್ ಹಾರಿಸುತ್ತಿದ್ದಾಗಲೇ ಅಪಘಾತದಲ್ಲಿ ತೀರಿಕೊಂಡರು. ಆದರೂ ಮಾರುತ್ 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಚೆನ್ನಾಗಿಯೇ ಕೆಲಸ ಮಾಡಿತು. 1990ರ ಹೊತ್ತಿಗೆ ನಿವೃತ್ತವಾಯಿತು.

ಒಟ್ಟು ತಯಾರಾದ 147 ಮಾರುತ್‌ಗಳಲ್ಲಿ 18 ವಿಮಾನಗಳು ಸ್ವಲ್ಪ ಬೇರೆ ಬಗೆಯವು. 1970ರ ಏಪ್ರಿಲ್‌ನಲ್ಲಿ ಮೊದಲು ಹಾರಿದ ಆ ಮಾದರಿಯಲ್ಲಿ ಎರಡು ಸೀಟುಗಳಿದ್ದವು. ಎಷ್ಟೇ ವೇಗದ ವಿಮಾನವಾಗಲಿ, ಹೊಸಬನ ಜತೆ ಹಳಬನೊಬ್ಬ ಕೂರದೆ ವಿದ್ಯೆ ಕೈಗೆ ಹತ್ತುವುದಿಲ್ಲ ಎಂಬುದು ಅಲ್ಲೂ ನಿಜವಾಗಿತ್ತು.

ಟ್ಯಾಂಕ್ 1983ರಲ್ಲಿ ಮ್ಯೂನಿಕ್‌ನಲ್ಲಿ ನಿಧನನಾದ. ಅವನ ಯುದ್ಧವಿಮಾನಗಳು ಬಹುತೇಕ ಮ್ಯೂಸಿಯಂ ಸೇರಿವೆ. ಆದರೆ ಬಟ್ಟೆ ಹೊದ್ದ ಸ್ಟೀಗ್ಲಿಟ್ಸ್‌ಗಳಲ್ಲಿ ಕೆಲವನ್ನು ಯುರೋಪಿನ ಹವ್ಯಾಸಿಗಳು ಇಂದಿಗೂ ಹಾರಿಸುತ್ತಾರೆ. ಬೆಂಗಳೂರಿನಲ್ಲಿ ಎಚ್‌ಎಎಲ್‌ನ ವಿಮಾನ ಮ್ಯೂಸಿಯಂಗೆ ಹೋದರೆ ಮಾರುತ್ ಮತ್ತು ಎಚ್‌ಟಿ-2 ಎರಡನ್ನೂ ನೋಡಬಹುದು. ಮಕ್ಕಳು ಸಹಜವಾಗಿ ಚೂಪು ಮೂತಿಯ ಮಾರುತ್ ಕಡೆಗೇ ಓಡುತ್ತಾರೆ. ಓಡಲಿ. ಆಮೇಲೆ ಅವರನ್ನು ಕರೆದು ಎಚ್‌ಟಿ-2 ಪಕ್ಕ ನಿಲ್ಲಿಸಿ, ಒಂದರ ಹಿಂದೊಂದಿರುವ ಆ ಎರಡು ಸೀಟುಗಳನ್ನು ತೋರಿಸಿ. ಎರಡು ಹಿಡಿಕೋಲು ಏಕೆ ಎಂದು ಕೇಳಿ. ಉತ್ತರವನ್ನು ನೀವೇ ಹೇಳಿಬಿಡಬೇಡಿ. ಮೊದಲ ಉತ್ತರ ತಪ್ಪಾದರೂ ಪರವಾಗಿಲ್ಲ, ತುಸು ಹೊತ್ತು ಕಾಯಿರಿ.